ಮೂಲೆ ಕಚ್ಚಿದ ಬಿಸ್ಕತ್ತು

ಹನಿಯೊಂದು ಬೀಳಲೋ ಬೇಡವೋ ಎಂದು ಆಲಿಕೆಯ ತುದಿಯಲ್ಲಿ ಜೋತುಬಿದ್ದಿದೆ, ತಿಳಿಹಳದಿ, ಆಸಿಡ್ಡಿನಲ್ಲಿ ಕುದಿಸಿದ ಮಣ್ಣೆಲ್ಲ ಹೀಗೆಯೇ, ಕಪ್ಪಿರಲಿ ಕೆಂಪಿರಲಿ ಕೊನೆಗೆ ಈ ಬಣ್ಣಕ್ಕೇ ಬಂದು ನಿಲ್ಲುತ್ತದೆ — ಬಿತ್ತು, ಇನ್ನೊಂದು ಕಟ್ಟುತ್ತಿದೆ — ಆರು ಆಲಿಕೆ, ಆರು ಬಾಟಲಿ, ಆರರ ಮೇಲೂ ಅವಳದೇ ಕೈಬರಹ, ನಲ್ಲಿಯಿಂದ ಒಂದಡಿ, ಎರಡಡಿ, ಮೂರಡಿ, ಹೀಗೆ ಆರರವರೆಗೆ, ಸ್ಥಳದ ಹೆಸರು ಬರೆಯಬೇಕಾದ ಕಡೆ ಬರೀ ಒಂದು ಗೀಟು, ಯಾಕೆಂದರೆ ಸ್ಥಳ ಅವಳ ಮನೆಯ ಹಿತ್ತಲು, ಅತ್ತೆಯ ಸೊಪ್ಪಿನ ಮಡಿ, ಅದನ್ನು ಬರೆಯಲು ಪೆನ್ಸಿಲ್ ಏಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು. ನಾಲ್ಕಕ್ಕೆ ಕ್ಲಿನಿಕ್ಕಿನ ನರ್ಸು ಫೋನ್ ಮಾಡುತ್ತಾಳೆ, ಗುಬ್ಬಿಯ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಹೇಳುತ್ತಾಳೆ, ಗುಬ್ಬಿ ಅಂದರೆ ಮಗಳು, ನಾಲ್ಕೂವರೆ ವರ್ಷ, ಸೂಜಿ ಚುಚ್ಚಿದಾಗ ಅಳಲಿಲ್ಲ, ನನ್ನ ರಕ್ತ ವಾಪಸ್ ಯಾವಾಗ ಕೊಡ್ತೀರಾ ಅಂತ ಮಾತ್ರ ಕೇಳಿದಳು, ನರ್ಸು ನಕ್ಕಳು, ಅವಳೂ ನಕ್ಕಳು, ನಗು ಮುಖದ ಮೇಲೆ ಬಂದು ಹೋದದ್ದು ಗೊತ್ತಾಯಿತು, ಒಳಗಿನಿಂದ ಬಂದದ್ದೋ ಅಲ್ಲವೋ ಗೊತ್ತಾಗಲಿಲ್ಲ, ಅವನು, ಗುಬ್ಬಿಯ ಅಪ್ಪ, ಹೋದ ಹನ್ನೊಂದು ತಿಂಗಳಿಂದ ಹೀಗೆಯೇ, ಕೈಗವಸು ಹಾಕಿಕೊಂಡೇ ಎಲ್ಲವನ್ನೂ ಮುಟ್ಟಿದ ಹಾಗೆ, ಬಿಸಿ ಬಿಸಿಯೆಂದು ತಿಳಿಯುತ್ತದೆ, ಸುಡುವುದಿಲ್ಲ — ಬಿತ್ತು, ಇನ್ನೊಂದು.

ಇದೆಲ್ಲ ಶುರುವಾದದ್ದು ಶುದ್ಧ ಮಣ್ಣು ಬೇಕು ಎಂಬಲ್ಲಿಂದ. ಊರಿನ ಆಚೆ ತುದಿಯಲ್ಲಿ ಹಳೇ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಿದ್ದ ಕಾರ್ಖಾನೆ, ಬಾಗಿಲು ಮುಚ್ಚಿ ಒಂಬತ್ತು ವರ್ಷವಾಯಿತು, ಹೊಗೆ ನಿಂತಿತು, ಮಣ್ಣಿನಲ್ಲಿ ಕೂತದ್ದು ಹಾಗೆಯೇ ಕೂತಿದೆ, ಅದು ಎಷ್ಟು ದೂರ ಹರಡಿದೆ, ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆಯುವುದೇ ಈ ಲ್ಯಾಬಿನ ಕೆಲಸ, ಅಳೆಯಬೇಕಾದರೆ ಪಕ್ಕಕ್ಕಿಟ್ಟು ಹೋಲಿಸಲು ಏನೂ ಸೋಂಕದ ಮಣ್ಣು ಬೇಕು. ಇದ್ದ ಮಣ್ಣು ಮುಗಿಯಿತಲ್ಲಮ್ಮ, ಎಲ್ಲಿಂದಾದರೂ ಒಂದು ಚೀಲ ತರಿಸು ಅಂದರು ಮೇಷ್ಟ್ರು, ಮೇಷ್ಟ್ರು ಅಂದರೆ ಲ್ಯಾಬಿನ ಯಜಮಾನರು, ಅವಳಿಗೂ ಅವನಿಗೂ ಪಾಠ ಹೇಳಿದವರು, ಇಬ್ಬರ ಉತ್ತರ ಪತ್ರಿಕೆಯಲ್ಲೂ ಒಂದೇ ತಪ್ಪು ಸಿಕ್ಕಾಗ ಇವರಿಗೆ ಮದುವೆ ಮಾಡಿಸೋದು ವಾಸಿ ಅಂದವರು. ಮಣ್ಣು ತರುವವನು ಅವನಾಗಿದ್ದ. ಈಗ ಯಾರನ್ನು ಕಳಿಸುವುದು, ಯಾಕೆ ಕಳಿಸುವುದು, ಮನೆಯ ಹಿತ್ತಲೇ ಇದೆಯಲ್ಲ, ಕಾರ್ಖಾನೆ ಆ ತುದಿಗೆ, ಮನೆ ಈ ತುದಿಗೆ, ನಡುವೆ ಹನ್ನೆರಡು ಕಿಲೋಮೀಟರು, ಗಾಳಿಯೂ ವರ್ಷದ ಹೆಚ್ಚುಪಾಲು ಇಲ್ಲಿಂದ ಅಲ್ಲಿಗೆ. ನಮ್ಮಮ್ಮನ ಮಡಿಗಿಂತ ಶುದ್ಧ ಮಣ್ಣು ಬೇಕು ಅಂದರೆ ಚಂದ್ರನಿಗೆ ಹೋಗಬೇಕು ಅಂತ ಅವನೇ ಜಂಬ ಕೊಚ್ಚುತ್ತಿದ್ದ. ಅವಳು ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ನಲ್ಲಿಯ ಪಕ್ಕ ಕೂತು ಚಮಚದಲ್ಲಿ ಒಂದಿಷ್ಟು ಕೆದಕಿ ಚೀಲಕ್ಕೆ ಹಾಕಿಕೊಂಡು ಬಂದಳು. ಸೀಸ ಇಪ್ಪತ್ತು ಬರಬೇಕಾದ ಕಡೆ ಯಂತ್ರ ಮುನ್ನೂರ ತೊಂಬತ್ತು ಅಂದಿತು. ಲೋಟ ಸರಿಯಾಗಿ ತೊಳೆದಿಲ್ಲ ಅಂದುಕೊಂಡಳು, ತೊಳೆದಳು, ಮುನ್ನೂರ ತೊಂಬತ್ತೆರಡು. ಆಸಿಡ್ಡಿನ ಹೊಸ ಬಾಟಲಿ ತೆರೆದಳು. ದೀಪ ಹಳೆಯದಾಯಿತು, ಯಂತ್ರಕ್ಕೆ ವಯಸ್ಸಾಯಿತು, ಇದಕ್ಕೆ ಬುದ್ಧಿ ನೆಟ್ಟಗಿಲ್ಲ ಎಂದು ಗೊಣಗುತ್ತಿದ್ದವಳ ಹಿಂದೆ ಮೇಷ್ಟ್ರು ಬಂದು ನಿಂತಿದ್ದರು, ಯಂತ್ರಕ್ಕೆ ಯಾಕಮ್ಮ ಬೈತೀಯ, ಅದಕ್ಕೇನು ನಿನ್ನ ಮನೆ ವಿಳಾಸ ಗೊತ್ತಾ ಅಂದರು, ಆಮೇಲೆ ಕನ್ನಡಕ ತೆಗೆದು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿ, ಮಗೂನ ರಕ್ತ ಒಂದು ಸಲ ತೋರಿಸಿಬಿಡು ಅಂದರು.

ಮಡಿಯ ಸೊಪ್ಪಿಗೆ ಹುಳ ಬಿದ್ದಿದೆ ಅತ್ತೆ, ಸ್ವಲ್ಪ ದಿನ ಬೇಡ ಎಂದು ಅವತ್ತು ಸಂಜೆ ಹೇಳಿದ್ದು ಸುಳ್ಳು, ಸುಳ್ಳಿಗಿಂತ ದೊಡ್ಡ ಅವಮಾನ, ನನ್ನ ಸೊಪ್ಪಿಗೆ ಹುಳವಾ ಅಂತ ಅತ್ತೆ ಒಂದೊಂದೇ ಎಲೆ ಮಗುಚಿ ನೋಡಿದರು, ಕನ್ನಡಕ ಹಾಕಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಎಲ್ಲಿ ತೋರಿಸು ನಿನ್ನ ಹುಳಾನ, ಯೂನಿವರ್ಸಿಟೀಲಿ ಓದಿದೋರ ಕಣ್ಣಿಗೆ ಮಾತ್ರ ಕಾಣುತ್ತೇನೋ ಅಂದರು. ಮರುದಿನ ಅವಳು ನಲ್ಲಿಯಿಂದ ಶುರುಮಾಡಿ ಮಡಿಯ ಉದ್ದಕ್ಕೂ ಅಡಿಗೊಂದರಂತೆ ಆರು ಚಮಚ ತೆಗೆಯುವಾಗ ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದರು, ಏನೂ ಕೇಳಲಿಲ್ಲ. ಅತ್ತೆ ಕೇಳದಿದ್ದರೆ ಅರ್ಥ, ಉತ್ತರವನ್ನು ಆಗಲೇ ಹುಡುಕಲು ಶುರುಮಾಡಿದ್ದಾರೆ.

ಯಂತ್ರದ ದೀಪ ಕಾದಿದೆ, ಕೊಳವೆಯನ್ನು ಮೊದಲ ಬಾಟಲಿಗೆ ಇಳಿಸುತ್ತಾಳೆ, ಹೀರುತ್ತದೆ, ಉರಿಯ ಬಣ್ಣ ಚೂರು ಬದಲಾಗುತ್ತದೆ ಅಥವಾ ಬದಲಾಯಿತು ಅನ್ನಿಸುತ್ತದೆ, ಸೀಸ ಸೋಮಾರಿ ಕಣೇ ಅಂತಿದ್ದ ಅವನು, ಬಿದ್ದಲ್ಲೇ ಬಿದ್ದಿರುತ್ತೆ, ಊಟಕ್ಕೆ ಬಂದ ನೆಂಟ ಚಾಪೆ ಹಾಸ್ಕೊಂಡು ಮಲಗಿಬಿಟ್ಟ ಹಾಗೆ, ಎಬ್ಬಿಸಿದರೂ ಏಳಲ್ಲ, ನೂರು ವರ್ಷ ಬಿಟ್ಟು ಬಂದು ನೋಡು, ಅದೇ ಮೇಲಿನ ಒಂದು ಗೇಣಲ್ಲಿ ಗೊರಕೆ ಹೊಡೀತಿರುತ್ತೆ. ಈ ಕ್ಯಾಡ್ಮಿಯಂ ಇದೆಯಲ್ಲ, ಇದು ನಮ್ಮ ಚಿಕ್ಕಪ್ಪ, ಮನೇಲಿ ಕಾಲು ನಿಲ್ಲಲ್ಲ, ಒಂದು ಮಳೆ ಬಂದರೆ ಸಾಕು ಚೀಲ ಹೆಗಲಿಗೇರಿಸಿ ಹೊರಟ, ಎರೆಹುಳದ ಬಿಲ, ಕೊಳೆತ ಬೇರು ಬಿಟ್ಟುಹೋದ ಸಂದು, ಎಲ್ಲಾ ಒಳದಾರಿ ಅವನಿಗೆ ಗೊತ್ತು, ಮಣ್ಣು ಹುಳಿಯಾಗಿದ್ದರಂತೂ ಬಾವಿ ಮುಟ್ಟೋವರೆಗೂ ಕೂರಲ್ಲ. ಸತು ಅವನ ಸ್ನೇಹಿತ, ಅವನ ಹಿಂದೇನೇ. ಮಣ್ಣಿಗೆ ಕೊಳವೆ ಇಳಿಸಿ, ತಿರುಗಿಸಿ, ಎಳೆದು, ಒಳಗಿನ ಉದ್ದನೆಯ ಮಣ್ಣಿನ ಕಡ್ಡಿಯನ್ನು ತಗಡಿನ ಮೇಲೆ ಮಲಗಿಸಿ, ಮಗುವಿಗೆ ಸ್ನಾನ ಮಾಡಿಸುವವನ ಹಾಗೆ ಮೊಣಕಾಲೂರಿ ಕೂತು ಗೇಣುಗೇಣಿಗೆ ಕತ್ತರಿಸುತ್ತಾ ಹೀಗೆ ಮಾತಾಡುತ್ತಿದ್ದ, ಕೇಳುವವರಿದ್ದರೂ ಸರಿ ಇಲ್ಲದಿದ್ದರೂ ಸರಿ. ಅವಳು ಚೀಟಿ ಬರೆಯುತ್ತಿದ್ದಳು. ಹಾಗಾದರೆ ನೀವು ಯಾವ ಲೋಹ ಅಂತ ಒಂದು ಸಲ ಕೇಳಿದಳು, ಮದುವೆಗೆ ಇನ್ನೂ ಎರಡು ತಿಂಗಳಿತ್ತು, ಆಗ ನೀವು ಅನ್ನುತ್ತಿದ್ದಳು — ನಾನು ಸೀಸ ಕಣ್ರೀ, ಕೂತ ಕಡೆ ಕೂತೆ, ನಿಮಗೆ ಬೇಜಾರಾಗೋವರೆಗೂ ಇರ್ತೀನಿ. ಮೊದಲ ಬಾಟಲಿ ನಾನೂರ ಹತ್ತು. ಅವಳಿಗೆ ಬೇಜಾರಾಗಿರಲಿಲ್ಲ. ಎರಡನೆಯದು ಮುನ್ನೂರ ಅರವತ್ತು.

ಮೂರನೆಯದು ಇನ್ನೂರ ಇಪ್ಪತ್ತು, ನಾಲ್ಕನೆಯದು ತೊಂಬತ್ತು, ಐದನೆಯದು ನಲವತ್ತು, ಕೊನೆಯದು ಇಪ್ಪತ್ತೆರಡು, ಇಪ್ಪತ್ತೆರಡು ಅಂದರೆ ಶುದ್ಧ ಮಣ್ಣು, ಅವನು ಜಂಬ ಕೊಚ್ಚುತ್ತಿದ್ದ ಮಣ್ಣು, ಆರಡಿ ಆಚೆ ಅದು ಹಾಗೆಯೇ ಇದೆ. ಗಾಳಿಯಲ್ಲಿ ಬಂದದ್ದು ಹೀಗೆ ಇರುವುದಿಲ್ಲ, ಗಾಳಿ ಇಡೀ ಹಿತ್ತಲಿಗೆ ಸಮನಾಗಿ ಬಡಿಸುತ್ತದೆ, ಇದು ನಲ್ಲಿಯ ಹತ್ತಿರ ಶುರುವಾಗಿ ನೀರು ಹರಿದ ದಾರಿಯಲ್ಲೇ ನಡೆದು ಸುಸ್ತಾಗಿ ನಿಂತಿದೆ, ಯಾರೋ ದಿನಾ ಅಲ್ಲಿ ನಿಂತು ಸುರಿದ ಹಾಗೆ, ಯಾರೋ — ಮೇಜಿನ ಮೇಲೆ ಬೇರೊಂದು ಜಾಗದ ಮಣ್ಣು ಒಣಗಿ ಕೂತಿದೆ, ಕೈ ಸುಮ್ಮನಿರಲಾರದೆ ಅದನ್ನೇ ಎಳೆದುಕೊಳ್ಳುತ್ತದೆ, ಪುಡಿಮಾಡಿ, ಜರಡಿ ಹಿಡಿದು, ಗುಡ್ಡೆ ಮಾಡಿ, ಗುಡ್ಡೆಯ ನೆತ್ತಿ ಒತ್ತಿ ಚಪ್ಪಟೆಮಾಡಿ, ಅಡ್ಡ ಒಂದು ಗೆರೆ ಉದ್ದ ಒಂದು ಗೆರೆ, ನಾಲ್ಕು ಪಾಲು, ಎದುರುಬದುರಿನ ಎರಡನ್ನು ಎಸೆಯಬೇಕು, ಉಳಿದೆರಡನ್ನು ಕೂಡಿಸಬೇಕು, ಹೀಗೆ ಮಾಡುತ್ತ ಮಾಡುತ್ತ ಒಂದು ಹೊಲ ಒಂದು ಚಮಚಕ್ಕೆ ಇಳಿಯುತ್ತದೆ. ತಗಡಿನ ಪಟ್ಟಿಯಿಂದ ಒಂದು ಪಾಲನ್ನು ಸರಿಸಿದಳು, ಮೂರು ಮೂಲೆಯ ಮಣ್ಣು, ಒಂದು ಮೂಲೆ ಪಟ್ಟಿಗೆ ತಾಗಿ ಉದುರಿತು, ಕೈ ನಿಂತಿತು.

ಬಿಸ್ಕತ್ತು. ಅಪ್ಪನ ಬಿಸ್ಕತ್ತು ಬಂತು ಎಂದು ಗುಬ್ಬಿ ಓಡುತ್ತಾಳೆ, ಓಡುತ್ತಿದ್ದಳು, ಸಂಜೆ ಆರೂವರೆ, ಹಿತ್ತಲ ಬಾಗಿಲು, ಅವನು ಬೂಟುಗಳನ್ನು ಕೈಯಲ್ಲಿ ಹಿಡಿದು ತಳಕ್ಕೆ ತಳ ಬಡಿಯುತ್ತಾನೆ, ಟಪ್ ಟಪ್, ತಳದ ಗೆರೆಗಳಲ್ಲಿ ಸಿಕ್ಕಿ ಒಣಗಿದ ಕಾರ್ಖಾನೆಯ ಮಣ್ಣು ಪುಟ್ಟ ಪುಟ್ಟ ಮೂರು ಮೂಲೆಯ ಹೆಂಟೆಗಳಾಗಿ ಕಲ್ಲಿನ ಮೇಲೆ ಉದುರುತ್ತದೆ, ಅಚ್ಚಿನಲ್ಲಿ ತೆಗೆದಷ್ಟು ನೀಟು, ಬಲಗಾಲಿನ ಬೂಟಿನಲ್ಲಿ ಒಂದು ಕಡೆ ಕಲ್ಲಿನ ಚೂರು ಸಿಕ್ಕಿಕೊಂಡಿತ್ತು, ಅಲ್ಲಿಂದ ಬೀಳುವುದಕ್ಕೆ ಮಾತ್ರ ಯಾವಾಗಲೂ ಒಂದು ಮೂಲೆ ಇರುವುದಿಲ್ಲ, ಇದನ್ನ ಯಾರೋ ಕಚ್ಚಿದಾರೆ ಅಂತ ಗುಬ್ಬಿಯ ದೂರು, ನಾನೇ ಕಚ್ಚಿದ್ದು, ಬಸ್ಸಲ್ಲಿ ಹಸಿವಾಯ್ತು ಅಂತ ಅವನು. ಗುಬ್ಬಿ ಅವನ್ನು ಹೆಕ್ಕಿ ಆಟದ ತಟ್ಟೆಗಳಿಗೆ ಬಡಿಸುತ್ತಿದ್ದಳು, ಅಜ್ಜಿಗೆ ಎರಡು, ಅಮ್ಮನಿಗೆ ಎರಡು, ಕಚ್ಚಿದ್ದು ಅಪ್ಪನಿಗೆ. ಅತ್ತೆ ಬೂಟುಗಳನ್ನು ಅವನ ಕೈಯಿಂದ ಕಿತ್ತುಕೊಳ್ಳುತ್ತಿದ್ದರು, ಕೊಡಿಲ್ಲಿ, ನೀನು ತೊಳೆದರೆ ಬೂಟಿಗಿಂತ ಗೋಡೆ ಜಾಸ್ತಿ ಒದ್ದೆಯಾಗುತ್ತೆ, ಹುಟ್ಟುವಾಗ ಇವನ ಪಾದ ಮೊದಲು ಬಂತು ಕಣೇ, ಇವನು ಆಮೇಲೆ ಬಂದ. ಆ ಪಾದದ ಅಳತೆಗೆ ಲ್ಯಾಬಿನಲ್ಲಿ ಬೂಟು ಇರಲಿಲ್ಲ, ಸ್ವಂತದ್ದು ತಂದುಕೊಂಡ, ಲ್ಯಾಬಿನ ನಲ್ಲಿಯಲ್ಲಿ ಸಂಜೆಯ ಹೊತ್ತಿಗೆ ನೀರು ನೂಲಿನಷ್ಟು ಬರುತ್ತಿತ್ತು, ಮನೆಗೇ ತಂದ. ಅತ್ತೆ ಹಳೇ ಬ್ರಶ್ಶಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ಕೆಂಪು ನೀರಿನ ಬಕೆಟ್ಟನ್ನು ಸುಮ್ಮನೆ ಚೆಲ್ಲಲು ಮನಸ್ಸು ಬಾರದೆ ಮಡಿಯ ತಲೆಗೆ ಸುರಿಯುತ್ತಿದ್ದರು. ನಾಲ್ಕು ವರ್ಷ. ಅವಳು ಹಿತ್ತಲ ಬಾಗಿಲಿಗೆ ಒರಗಿ ನೋಡುತ್ತಿದ್ದಳು, ದಿನದಲ್ಲಿ ಅವಳಿಗೆ ತುಂಬ ಇಷ್ಟವಾದ ಹೊತ್ತು ಅದು, ಮೂವರೂ ಒಂದೇ ಕಡೆ, ಒದ್ದೆ ಮಣ್ಣಿನ ವಾಸನೆ, ಬೈಗುಳ, ಟಪ್ ಟಪ್. ಲ್ಯಾಬಿನ ತೊಟ್ಟಿಯ ಮೇಲೆ ಗೋಡೆಗೆ ಅಂಟಿಸಿದ ಕಾಗದ ಈಗಲೂ ಕಾಣುತ್ತಿದೆ, ಬೂಟು, ಕೋಟು ಇಲ್ಲೇ ಬಿಟ್ಟು ಹೋಗತಕ್ಕದ್ದು, ಅಕ್ಷರ ದುಂಡಗಿದೆ, ಅವಳದೇ ಅಕ್ಷರ, ಆರು ವರ್ಷದ ಹಿಂದೆ ಬರೆದು ಅಂಟಿಸಿದವಳು ಅವಳೇ. ಸೀಸವನ್ನು ದಶಾಂಶ ಚುಕ್ಕಿಯಾಚೆಯ ಅಂಕಿಯವರೆಗೂ ಅಳೆಯುವವಳಿಗೆ ಸೀಸ ಬಸ್ಸು ಹತ್ತುತ್ತದೆ ಎಂದು ಹೊಳೆಯಲಿಲ್ಲ. ಲ್ಯಾಬು ಅಂದರೆ ಲ್ಯಾಬು, ಮನೆ ಅಂದರೆ ಮನೆ. ಸೋಮಾರಿ ನೆಂಟ ತಾನಾಗಿ ನಡೆಯುವುದಿಲ್ಲ, ಆದರೆ ಯಾರಾದರೂ ಹೊತ್ತುಕೊಂಡರೆ, ಪ್ರೀತಿಯಿಂದ ದಿನಾ ಹೊತ್ತುಕೊಂಡರೆ — ಆ ಬಿಸ್ಕತ್ತುಗಳೆಲ್ಲ ಎಲ್ಲಿ ಹೋದವು, ಗುಬ್ಬಿ ಒಂದು ಡಬ್ಬಿಯಲ್ಲಿ ತುಂಬಿಡುತ್ತಿದ್ದಳಲ್ಲ, ಹಾಲಿನ ಪುಡಿಯ ಡಬ್ಬಿ, ಹನ್ನೊಂದು ತಿಂಗಳಲ್ಲಿ ಅದನ್ನು ಎಲ್ಲಾದರೂ ನೋಡಿದೆನೇ, ಮಂಚದ ಕೆಳಗೆ, ಕಪಾಟಿನ ಹಿಂದೆ, ಅಥವಾ ಅತ್ತೆ ಗುಡಿಸಿ ಎಸೆದರೇ — ಫೋನು ಮೇಜಿನ ಮೇಲೆ ನಡುಗುತ್ತಿದೆ, ನಾಲ್ಕೂ ಐದು.

ಏಳು ಅಂದಳು ನರ್ಸು. ಐದರೊಳಗಿರಬೇಕಿತ್ತು, ಏಳಿದೆ, ಗಾಬರಿ ಬೀಳೋ ಅಷ್ಟಿಲ್ಲ, ಔಷಧಿ ಗಿವುಷಧಿ ಏನೂ ಬೇಡ, ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡಿ ನಿಲ್ಲಿಸಿ, ತಾನಾಗೇ ಇಳಿಯುತ್ತೆ, ಮೂರು ತಿಂಗಳು ಬಿಟ್ಟು ಮತ್ತೆ ಕರ್ಕೊಂಡು ಬನ್ನಿ, ಹಾಂ, ಅವಳ ರಕ್ತ ವಾಪಸ್ ಕೇಳಿದ್ದಳಲ್ಲ, ಖರ್ಚಾಗಿ ಹೋಯ್ತು ಅಂತ ಹೇಳಿ. ಅವಳು ಆಗಲಿ ಅಂದಳು, ಥ್ಯಾಂಕ್ಸ್ ಅಂದಳು, ಏಳು ಎಂದು ಪುಸ್ತಕದಲ್ಲಿ ಬರೆದಳು. ಮೇಷ್ಟ್ರು ಬಾಗಿಲಲ್ಲಿ ನಿಂತು ಆರು ಅಂಕಿಗಳ ಚೀಟಿಯನ್ನು ಓದಿದರು, ಅವರಿಗೂ ಅಂಕಿ ಇಳಿದ ಆಕಾರ ನೋಡಿ ಓದಲು ಬರುತ್ತದೆ, ತೊಟ್ಟಿಯ ಮೇಲಿನ ಕಾಗದದ ಕಡೆ ನೋಡಿದರು, ಅವಳ ಕಡೆ ನೋಡಲಿಲ್ಲ, ವಿಷದ ಮಣ್ಣು ತುಂಬೋ ನೀಲಿ ಡ್ರಮ್ಮು ನಾಳೆ ಬೆಳಿಗ್ಗೆ ನಮ್ಮ ವ್ಯಾನಲ್ಲಿ ಮನೆಗೇ ಕಳಿಸ್ತೀನಿ, ನಾನೂ ಬರ್ತೀನಿ, ಗುದ್ದಲಿ ಹಿಡಿಯೋಕೆ ನನಗೂ ಬರುತ್ತೆ ಅಂದರು. ಇವತ್ತು ಬೇಗ ಹೊರಡು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಸಿಗಬಾರದಿತ್ತು, ಕಿಟಕಿಯ ಪಕ್ಕ ಕೂತರೆ ಯೋಚನೆ ಬರುತ್ತದೆ, ನಿಂತಿದ್ದರೆ ಕಂಬಿ ಹಿಡಿಯುವುದೇ ಒಂದು ಕೆಲಸ. ಏನೆಂದು ಹೇಳುವುದು ಅತ್ತೆಗೆ, ಮಡಿ ಅಗೆದು ತೆಗೆಯಬೇಕು ಎನ್ನುವುದನ್ನು ಹೇಳಬಹುದು, ಯಾಕೆ ಎನ್ನುವುದನ್ನು ಹೇಗೆ, ನೀವು ತೊಳೆದ ಬೂಟಿನಿಂದ, ನೀವು ಚೆಲ್ಲಲು ಮನಸ್ಸು ಬಾರದ ನೀರಿನಿಂದ. ಬೂಟು ಎಂಬ ಶಬ್ದವನ್ನೇ ಆ ಮನೆಯಲ್ಲಿ ಹನ್ನೊಂದು ತಿಂಗಳಿಂದ ಯಾರೂ ಆಡಿಲ್ಲ. ಅವನ ಕೊನೆಯ ದಿನ ಬೂಟು ಒಣಗಿರಲಿಲ್ಲ, ಹಿಂದಿನ ಸಂಜೆ ಅತ್ತೆ ಎಂದಿಗಿಂತ ಹೆಚ್ಚು ತಿಕ್ಕಿ ತೊಳೆದಿದ್ದರು, ಮೋಡವಿತ್ತು, ಬೆಳಿಗ್ಗೆಯೂ ಒಳಗೆ ಪಿಚಿಪಿಚಿ ಅನ್ನುತ್ತಿತ್ತು, ಪರವಾಗಿಲ್ಲಮ್ಮ, ಇವತ್ತು ಬರೀ ಚೀಲ ಎಣಿಸೋ ಕೆಲಸ ಎಂದು ಅವನು ಚಪ್ಪಲಿ ಮೆಟ್ಟಿಕೊಂಡು ಹೋದ, ಕಾರ್ಖಾನೆಯ ಗೇಟಿನ ಮುಂದೆ ಹಿಂದಕ್ಕೆ ಬರುತ್ತಿದ್ದ ಲಾರಿ, ಕೆಸರು, ಚಪ್ಪಲಿ ಜಾರಿತೋ ಇಲ್ಲವೋ ಯಾರೂ ನೋಡಲಿಲ್ಲ, ಬೂಟಿದ್ದರೂ ಆಗುತ್ತಿತ್ತೋ ಏನೋ, ಅದನ್ನು ಅಳೆಯುವ ಯಂತ್ರ ಯಾವ ಲ್ಯಾಬಿನಲ್ಲೂ ಇಲ್ಲ. ಅತ್ತೆ ಒಂದೇ ಸಲ ಅಂದದ್ದು, ಇನ್ನೊಂದು ದಿನ ತೊಳೆದಿದ್ದರೆ ಏನಾಗ್ತಿತ್ತು ನನಗೆ. ಆಮೇಲೆ ಇಲ್ಲ. ಬೂಟುಗಳು ಹಿತ್ತಲ ಗೋಡೆಯ ಎರಡು ಗೂಟಗಳ ಮೇಲೆ ಅವತ್ತು ಒಣಹಾಕಿದ ಹಾಗೆಯೇ ತಲೆಕೆಳಗಾಗಿ ನಿಂತಿವೆ, ಬಿಸಿಲಿಗೆ ಬಿರಿದಿವೆ, ಜೇಡ ಬಲೆ ಕಟ್ಟಿದೆ, ಅತ್ತೆ ಮುಟ್ಟುವುದಿಲ್ಲ, ಮುಟ್ಟಗೊಡುವುದಿಲ್ಲ. ಈಗ ಹೋಗಿ ಇನ್ನೊಂದನ್ನೂ ಅವರ ತಲೆಗೆ ಕಟ್ಟುವುದೇ, ಮಗನದ್ದು ಸಾಲದೆಂದು ಮೊಮ್ಮಗಳದ್ದೂ. ಬೇಡ. ಗಾಳಿ. ಗಾಳಿ ಎನ್ನುತ್ತೇನೆ, ಕಾರ್ಖಾನೆಯ ಧೂಳು ಗಾಳಿಯಲ್ಲಿ ಬಂದು ಕೂತಿದೆ ಅತ್ತೆ, ಊರಿಗೆಲ್ಲ ಹೀಗೇ ಆಗಿದೆ, ಯಾರು ಏನು ಮಾಡೋಕಾಗುತ್ತೆ — ಒಳ್ಳೆಯ ಸುಳ್ಳು, ಯಾರನ್ನೂ ಬೆರಳು ಮಾಡಿ ತೋರಿಸದ ಸುಳ್ಳು, ಬಾಯೊಳಗೆ ಎರಡು ಸಲ ಹೇಳಿ ನೋಡಿದಳು, ಪಕ್ಕದ ಸೀಟಿನಾಕೆ ತನಗೇ ಏನೋ ಹೇಳಿದಳೆಂದು ತಿರುಗಿ, ಹೌದು ಸೆಕೆ ಜಾಸ್ತಿ ಅಂದಳು.

ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾರೆ, ಮಡಿಲಲ್ಲಿ ಅಂಗಡಿಯಿಂದ ತಂದ ಸೊಪ್ಪು, ಅದರ ದಂಟು ಮುರಿಯುವ ರೀತಿಯಲ್ಲೇ ಅದರ ಮೇಲಿನ ತಿರಸ್ಕಾರ ಕಾಣುತ್ತದೆ, ಸಂಜೆಯ ಬಿಸಿಲು ಗೂಟದ ಮೇಲಿನ ಬೂಟುಗಳ ತಳಕ್ಕೆ ಬಿದ್ದಿದೆ, ಒಳಗೆ ಗುಬ್ಬಿ ಯಾರಿಗೋ ಬುದ್ಧಿ ಹೇಳುತ್ತಿದ್ದಾಳೆ, ಗೊಂಬೆಗಿರಬೇಕು. ಬೇಗ ಬಂದೆ ಅಂದರು ಅತ್ತೆ. ಹೂಂ ಅಂದಳು. ಏನು ಬಂತು ಮಗೂ ರಕ್ತದಲ್ಲಿ. ಅವಳು ಚೀಲ ಕೆಳಗಿಡುತ್ತಿದ್ದಳು, ಇಡುವುದನ್ನು ಮರೆತಳು. ಶಾಲೇಲಿ ಕೇಳಿದಾರೆ ಅದಕ್ಕೇ ರಕ್ತ ಕೊಡಬೇಕು ಅಂದೆಯಲ್ಲ, ಶಾಲೆಯೋರು ಒಂದು ಪೆನ್ಸಿಲ್ ತರೋಕೂ ಚೀಟಿ ಕಳಿಸ್ತಾರೆ, ಇದಕ್ಕೆ ಕಳಿಸಲಿಲ್ಲ. ಏನು ಬಂತು. ಏಳು ಅಂದಳು. ಏಳು ಅಂದರೆ ಜಾಸ್ತಿನಾ, ಕಮ್ಮಿನಾ. ಸ್ವಲ್ಪ ಜಾಸ್ತಿ, ಇಳಿಯುತ್ತಂತೆ, ಎಲ್ಲಿಂದ ಬರ್ತಿದೆಯೋ ಅದನ್ನ ನಿಲ್ಲಿಸಿದರೆ ಇಳಿಯುತ್ತೆ, ಈ ಮಡಿ ಮಣ್ಣು ತೆಗೆಸಬೇಕು ಅತ್ತೆ, ಗಾಳೀಲಿ ಕಾರ್ಖಾನೆ ಧೂಳು ಬಂದು ಬಂದು — ದಂಟು ಮುರಿಯುವ ಸದ್ದು ನಿಂತಿತು. ಅತ್ತೆ ಮಡಿಯ ಕಡೆ ನೋಡಿದರು, ನಲ್ಲಿಯ ಕಡೆ ನೋಡಿದರು. ಆರು ಚಮಚ ತಗೊಂಡೆ, ನಲ್ಲಿಯಿಂದ ಗೆರೆ ಎಳೆದ ಹಾಗೆ, ಗಾಳಿ ನಮ್ಮನೆ ನಲ್ಲಿ ಎಲ್ಲಿದೆ ಅಂತ ಕೇಳ್ಕೊಂಡು ಬಂತಾ. ಅವಳು ಅತ್ತೆಯ ಕೈಯ ನರಗಳನ್ನು ನೋಡುತ್ತಾಳೆ, ಬ್ರಶ್ಶು ಹಿಡಿದ ಕೈ, ಅವನ ಹೆಬ್ಬೆರಳೂ ಹೀಗೆಯೇ ಹೊರಕ್ಕೆ ಬಾಗಿತ್ತು, ಸುಳ್ಳು ಹೇಳಲಿಕ್ಕೆ ಬಸ್ಸಿನಲ್ಲಿ ಎಷ್ಟು ಚೆನ್ನಾಗಿ ಬರುತ್ತಿತ್ತು. ಅತ್ತೆ ಸೊಪ್ಪನ್ನು ಕಲ್ಲಿನ ಮೇಲಿಟ್ಟರು. ಅವನು ತಂದ, ನಾನು ತೊಳೆದೆ, ನೀನು ಬಾಗಿಲಲ್ಲಿ ನಿಂತ್ಕೊಂಡು ನಗ್ತಿದ್ದೆ. ಮೂರು ಜನ ಸೇರಿ ಮಾಡಿದ್ದನ್ನ ನೀನೊಬ್ಬಳೇ ಯಾಕೆ ಹೊತ್ಕೊಂಡು ಬಸ್ಸಲ್ಲಿ ಬಂದೆ ಮಗಳೇ.

ಅವಳು ಕಲ್ಲಿನ ಮೇಲೆ ಪಕ್ಕ ಕೂತಳು, ಅತ್ತೆಯ ಭುಜಕ್ಕೆ ಹಣೆ ತಾಗಿತು, ಸೀರೆಯಲ್ಲಿ ಸೋಪಿನ ವಾಸನೆ, ಸೋಪಿನ ಕೆಳಗೆ ಮಣ್ಣಿನದು, ಒಂದು ಕಡೆ ಒದ್ದೆಯಾಯಿತು, ಬಿಸಿಯಾಗಿ ಒದ್ದೆಯಾಯಿತು, ಬಿಸಿ ಸುಡುತ್ತದೆ, ಸುಟ್ಟಿತು. ಅತ್ತೆ ಬೆನ್ನು ತಟ್ಟಲಿಲ್ಲ, ಅವರಿಗೆ ಅದೆಲ್ಲ ಬರುವುದಿಲ್ಲ, ಎಷ್ಟು ಆಳ ತೆಗೀಬೇಕು ಅಂತ ಕೇಳಿದರು. ಒಂದು ಗೇಣು ಅತ್ತೆ, ತುಂಬೋಕೆ ನಾಳೆ ಲ್ಯಾಬಿನ ಡ್ರಮ್ಮು ಬರುತ್ತೆ. ಸಾಕಾ, ಕೆಳಗೆ ಇಳಿದಿರಲ್ವಾ. ಇಲ್ಲ, ಸೀಸ ಇಳಿಯಲ್ಲ, ಬಿದ್ದಲ್ಲೇ ಇರುತ್ತೆ. ಹೂಂ, ಕೂತ ಕಡೆ ಕೂತ, ಅವನ ಹಾಗೇ ಅಂದರು ಅತ್ತೆ, ಅವನು ಅವರಿಗೂ ಅದನ್ನೇ ಹೇಳಿದ್ದನೇ, ಯಾವಾಗ, ಸೊಪ್ಪು ಬಿಡಿಸುತ್ತಾ ಕೂತಾಗಲೇ — ಅತ್ತೆ ಎದ್ದು ಗೋಡೆಯ ಹತ್ತಿರ ಹೋದರು, ಅವಳು ತಡೆಯಲು ಕೈ ಎತ್ತಿದಳು, ತಡೆಯಲಿಲ್ಲ, ಅತ್ತೆ ತುದಿಗಾಲಲ್ಲಿ ನಿಂತು ಮೊದಲು ಎಡಗಾಲಿನದನ್ನು, ಆಮೇಲೆ ಬಲಗಾಲಿನದನ್ನು ಗೂಟದಿಂದ ಇಳಿಸಿದರು, ಜೇಡರ ಬಲೆ ಹರಿದು ಕೈಗೆ ಮೆತ್ತಿತು, ಒರೆಸಿಕೊಂಡರು. ಈಗ ಒಣಗಿದೆ ಅಂದರು. ತಿರುಗಿಸಿ ತಳ ನೋಡಿದರು, ಅದು ಚೊಕ್ಕಟವಾಗಿದೆ, ಎಂದಿಗಿಂತ ಹೆಚ್ಚು ತಿಕ್ಕಿ ತೊಳೆದದ್ದು, ಗೆರೆಗಳ ನಡುವೆ ಕಲ್ಲಿನ ಚೂರೊಂದೇ ಉಳಿದಿದೆ. ಇವನ್ನ ನಿಮ್ಮ ಡ್ರಮ್ಮಿಗೆ ಹಾಕು, ದೊಡ್ಡದು ತರಿಸು, ಇವನ ಪಾದ ಸಣ್ಣ ಡ್ರಮ್ಮಲ್ಲಿ ಹಿಡಿಸಲ್ಲ. ಇಬ್ಬರೂ ನಕ್ಕರು, ಒಂದೇ ಸಲ, ನಕ್ಕದ್ದಕ್ಕೆ ಇಬ್ಬರಿಗೂ ಆಶ್ಚರ್ಯವಾಗಿ ನಿಲ್ಲಿಸಿದರು. ಡಬ್ಬಿ ಅಂದಳು ಅವಳು, ಅತ್ತೆ, ಗುಬ್ಬಿಯ ಆ ಡಬ್ಬಿ, ಹಾಲಿನ ಪುಡೀದು, ನೀವು ಎಸೆದಿರಾ. ಅತ್ತೆ ತಲೆ ಅಲ್ಲಾಡಿಸಿದರು, ಇಬ್ಬರೂ ಒಳಗಿನ ಸದ್ದಿಗೆ ಕಿವಿಗೊಟ್ಟರು, ತಗಡಿನ ಮುಚ್ಚಳ ತೆಗೆದ ಸದ್ದು, ಗೊಂಬೆಗೆ ಬುದ್ಧಿ ಹೇಳುವ ಸದ್ದು, ಎಲ್ಲರೂ ಕೈ ತೊಳ್ಕೊಂಡು ಬನ್ನಿ.

ಗುಬ್ಬಿ ನೆಲದ ಮೇಲೆ ಕೂತಿದ್ದಾಳೆ, ಮೂರು ತಟ್ಟೆ, ಅಜ್ಜಿಗೆ ಎರಡು, ಅಮ್ಮನಿಗೆ ಎರಡು, ಬಾ ಅಮ್ಮ, ನೀನೂ ಬಂದೆಯಾ, ಇವು ಮುಗೀತಾ ಬಂದಿವೆ, ಅದಕ್ಕೇ ದಿನಾ ಬಡಿಸಲ್ಲ. ಅವಳು ಪಕ್ಕ ಕೂತಳು, ದನಿ ಎಲ್ಲಿಂದ ಬಂತೋ, ಸಾಧಾರಣ ದನಿ, ನೀನು ಇದನ್ನ ಬಾಯಿಗೆ ಹಾಕ್ತೀಯಾ ಪುಟ್ಟಿ. ಇಲ್ಲಮ್ಮ, ತಿಂದ ಹಾಗೆ ಮಾಡೋದು. ಬೆರಳು ನೋಡಿದಳು, ಉಗುರಿನ ಸಂದಿನಲ್ಲಿ ಕೆಂಪು, ಬೆರಳು ಎಷ್ಟು ಸಲ ಬಾಯಿಗೆ ಹೋಗುತ್ತದೆ ದಿನಕ್ಕೆ, ನೂರು ಸಲ. ಸ್ವಲ್ಪ ನೆಕ್ಕಿದೀನಿ ಅಂತ ಗುಬ್ಬಿ ಅಂದಳು, ಅಪ್ಪನ ವಾಸನೆ ಬರುತ್ತಾ ಅಂತ. ಬಂತಾ. ಇಲ್ಲ, ಮಣ್ಣಿನದು ಬಂತು. ಅವಳು ಕೈಚೀಲದಿಂದ ಲ್ಯಾಬಿನ ಪ್ಲಾಸ್ಟಿಕ್ ಚೀಲ ತೆಗೆದಳು, ಇವನ್ನೆಲ್ಲ ನಾನು ತಗೊಂಡು ಹೋಗ್ತೀನಿ ಗುಬ್ಬಿ, ಇದರಲ್ಲಿ ಮೈಗೆ ಆಗದ್ದು ಸೇರಿಕೊಂಡಿದೆ, ಅಪ್ಪಂಗೆ ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ತರ್ತಿರಲಿಲ್ಲ, ನಿಜವಾದ ಬಿಸ್ಕತ್ತು ಕೊಡ್ತೀನಿ, ಎಷ್ಟಿವೆಯೋ ಅಷ್ಟು. ಗುಬ್ಬಿ ಯೋಚಿಸಿದಳು, ಕ್ರೀಮ್ ಇರೋದು ಅಂದಳು. ಕ್ರೀಮ್ ಇರೋದು. ಅಜ್ಜಿಯ ತಟ್ಟೆ ಖಾಲಿಯಾಯಿತು, ಅಮ್ಮನ ತಟ್ಟೆ ಖಾಲಿಯಾಯಿತು, ಡಬ್ಬಿಯಲ್ಲಿದ್ದ ನಾಲ್ಕು ಬಿಸ್ಕತ್ತೂ ಚೀಲಕ್ಕೆ ಬಿದ್ದವು, ಮೂರನೆಯ ತಟ್ಟೆಯ ಮೇಲೆ ಗುಬ್ಬಿ ಕೈ ಅಡ್ಡ ಇಟ್ಟಳು. ಇದು ಬೇಡ. ಇದನ್ನ ಅಪ್ಪ ಅರ್ಧ ತಿಂದು ಇಟ್ಟಿದಾರೆ, ಇನ್ನೂ ಮುಗಿಸಿಲ್ಲ.

ಬಾಗಿಲಲ್ಲಿ ಅತ್ತೆ, ಎರಡು ಕೈಯಲ್ಲಿ ಎರಡು ಬೂಟು, ಒಳಗೆ ಬರುವುದಿಲ್ಲ, ಹೊಸ್ತಿಲಾಚೆಯೇ ನಿಂತಿದ್ದಾರೆ, ಯಾರಿಗೂ ಆತುರವಿಲ್ಲ, ಗುಬ್ಬಿಯ ಕೈ ನಿಧಾನ ಸರಿಯುತ್ತದೆ, ಹಾಗಾದರೆ ನೀನೇ ಇಟ್ಕೋ ಅಮ್ಮ, ಕಳೀಬೇಡ, ಹೆಸರು ಬರಿ — ಅವಳು ಅದಕ್ಕೊಂದು ಬೇರೆ ಚೀಲ ತೆಗೆದಳು, ಬೇರೆ ಚೀಟಿ, ಪೆನ್ಸಿಲ್ ಎದ್ದಿತು, ದಿನಾಂಕ ಬರೆದಳು, ಆಳ, ಆಳದ ಮುಂದೆ ಏನು ಬರೆಯುವುದು, ಸ್ಥಳ, ಪುಡಿಮಾಡಿ ಜರಡಿ ಹಿಡಿದು ಆಸಿಡ್ಡಿನಲ್ಲಿ ಕುದಿಸಿದರೆ ಇದೂ ಒಂದು ತಿಳಿಹಳದಿ ಹನಿ, ಆಲಿಕೆಯ ತುದಿಯಲ್ಲಿ, ಬೀಳಲೋ ಬೇಡವೋ — ಇಲ್ಲ, ಇದನ್ನು ಪುಡಿಮಾಡುವುದಿಲ್ಲ — ಸ್ಥಳ, ಕಾರ್ಖಾನೆಯೆಂದು ಬರೆಯಲೇ, ಹಿತ್ತಲೆಂದೇ, ಬಸ್ಸೆಂದೇ, ಹಸಿವಾಯ್ತು ಅಂದನಲ್ಲ — ತಟ್ಟೆಯ ಮಧ್ಯದಲ್ಲಿ, ಒಂದು ರೂಪಾಯಿಯಷ್ಟು ದೊಡ್ಡದು, ಕೆಂಪು, ಎರಡು ಮೂಲೆ ಅಚ್ಚಿನಲ್ಲಿ ತೆಗೆದಷ್ಟು ನೀಟು, ಮೂರನೆಯದು ಇಲ್ಲ, ಕಚ್ಚಿದ ಹಾಗೆ, ಎರಡು ಮೂಲೆ, ಮೂರನೆಯದು —